ದಡದಲ್ಲಿ ನಿಂತು ಬಂದರನ್ನು ಓದುವುದು ಹೇಗೆ: ಕಾರವಾರ ಕೊಲ್ಲಿಗೊಂದು ಕೈಪಿಡಿ

ಕಾರವಾರಕ್ಕೆ ಬಂದವರು ಬಹುಮಟ್ಟಿಗೆ ಟ್ಯಾಗೋರ್ ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ದಡದ ಮೇಲೆ ನಿಲ್ಲಿಸಿರುವ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯನ್ನು ಸುತ್ತಿ, ಮೀನೂಟ ಮುಗಿಸಿ ಹಿಂದಿರುಗುತ್ತಾರೆ. ಕಣ್ಣೆದುರಿಗೇ ಇದ್ದ ಬಂದರು ಅವರ ಗಮನಕ್ಕೆ ಬಂದಿರುವುದಿಲ್ಲ. ಕಾರವಾರ ನೈಸರ್ಗಿಕ ಬಂದರು ಎಂಬ ಒಂದು ಸಾಲನ್ನು ಶಾಲೆಯ ಭೂಗೋಳದಲ್ಲಿ ನಾವೆಲ್ಲ ಓದಿದ್ದೇವೆ. ಆ ಸಾಲಿನಲ್ಲಿ ಎಷ್ಟು ನಿಜವಿದೆ, ಎಷ್ಟು ಅರ್ಧನಿಜವಿದೆ ಎಂಬುದನ್ನು ದೋಣಿ ಹತ್ತದೆ, ಯಾರ ಅನುಮತಿಯನ್ನೂ ಕೇಳದೆ, ದಡದಲ್ಲಿ ನಿಂತೇ ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಯಾವುದೇ ಬಂದರಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಅಲೆ ಮತ್ತು ಗಾಳಿಗೆ ಇಲ್ಲಿ ಮರೆ ಇದೆಯೇ? ಹಡಗು ತೇಲುವಷ್ಟು ಆಳವಿದೆಯೇ? ಲಂಗರು ಕಚ್ಚಿ ನಿಲ್ಲುವಂಥ ತಳವಿದೆಯೇ? ಇಳಿಸಿದ ಸರಕು ಒಳನಾಡಿಗೆ ಹೋಗಲು ದಾರಿಯಿದೆಯೇ? ನಾವು ನೈಸರ್ಗಿಕ ಎನ್ನುವಾಗ ಮೊದಲನೆಯದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಉಳಿದ ಮೂರನ್ನೂ ಪುಕ್ಕಟೆಯಾಗಿ ಸೇರಿಸಿಬಿಡುತ್ತೇವೆ. ಶ್ರೀಲಂಕಾದ ತ್ರಿಕೋನಮಲೆಯಲ್ಲಿ ಸಮುದ್ರತಳದ ಕಂದರವೊಂದು ಕೊಲ್ಲಿಯ ಒಳಗಿನವರೆಗೂ ಹಾಯ್ದು ಬಂದಿರುವುದರಿಂದ ಮರೆಯೂ ಆಳವೂ ಒಟ್ಟಿಗೆ ದೊರೆತಿವೆ. ನಮ್ಮ ಪಶ್ಚಿಮ ಕರಾವಳಿಯ ಕಡಲತಳ ಹಾಗಲ್ಲ. ಅದು ದಡದಿಂದ ಬಹುದೂರದವರೆಗೆ ಬಹಳ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಇಲ್ಲಿ ಪ್ರಕೃತಿ ಧಾರಾಳವಾಗಿ ಕೊಟ್ಟಿರುವುದು ಮರೆಯನ್ನು. ಆಳವನ್ನು ಕೊಟ್ಟಿರುವುದು ಲೆಕ್ಕ ಹಾಕಿ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಕೆಲಸ ಸುಲಭ.

ಹೊರಡುವ ಮುನ್ನ

ಒಂದು ದುರ್ಬೀನು ಬೇಕು. ಅಂಗಡಿಯವರು ಹತ್ತುಪಟ್ಟು, ಹನ್ನೆರಡುಪಟ್ಟು ದೊಡ್ಡದಾಗಿ ತೋರಿಸುವುದನ್ನು ಹೊಗಳುತ್ತಾರೆ. ಆದರೆ ಕಡಲಿಗೆ ಏಳುಪಟ್ಟಿನ, ಐವತ್ತು ಮಿಲಿಮೀಟರ್ ಗಾಜಿನ ದುರ್ಬೀನೇ ಸರಿ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ, ಮುಸ್ಸಂಜೆಯ ಬೆಳಕು ಸಾಲದಾಗುತ್ತದೆ. ಜೊತೆಗೆ ಒಂದು ಪುಸ್ತಕ, ಪೆನ್ಸಿಲು, ಸೆಕೆಂಡು ತೋರಿಸುವ ಗಡಿಯಾರ, ಒಂದೂವರೆ ಮೀಟರಿನ ಎರಡು ನೇರ ಕೋಲು, ಎರಡು ಮೀಟರ್ ದಾರ ಮತ್ತು ಆ ದಿನದ ಉಬ್ಬರ-ಇಳಿತದ ಪಟ್ಟಿ ಇರಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಈ ಪಟ್ಟಿಯನ್ನು ಪ್ರಕಟಿಸುತ್ತದೆ. ನೀರಿನ ಆಳವನ್ನು ಗುರುತಿಸಿರುವ ನೌಕಾನಕ್ಷೆಗಳನ್ನು ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿ ಹೊರತರುತ್ತದೆ. ನಕ್ಷೆ ಕೈಗೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕಾರವಾರದ ದಕ್ಷಿಣಕ್ಕೆ, ಬಿಣಗಾ ದಾಟಿದ ಮೇಲೆ ಅರಗಾದ ಸುತ್ತಮುತ್ತ ಭಾರತೀಯ ನೌಕಾಪಡೆಯ ಕದಂಬ ನೌಕಾನೆಲೆ ಇದೆ. ಈ ನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿತು. ವಿಕ್ರಮಾದಿತ್ಯ ವಿಮಾನವಾಹಕ ನೌಕೆಗೆ ಇದೇ ತವರು. ಹೆದ್ದಾರಿಯಿಂದ ಆ ಕಡೆಗೆ ಕ್ಯಾಮೆರಾ ಹಿಡಿಯುವುದು, ಡ್ರೋನ್ ಹಾರಿಸುವುದು, ದುರ್ಬೀನು ಹಿಡಿದು ನಿಲ್ಲುವುದು ಸಲ್ಲದು. ವಾಣಿಜ್ಯ ಬಂದರಿನ ಆವರಣಕ್ಕೂ ಪರವಾನಗಿ ಇಲ್ಲದೆ ಪ್ರವೇಶವಿಲ್ಲ. ನಮಗೆ ಬೇಕಾದದ್ದೆಲ್ಲ ಸಾರ್ವಜನಿಕ ಕಡಲತೀರದಿಂದಲೂ ಕಾಳಿ ನದಿಯಾಚೆಯ ಸದಾಶಿವಗಡದ ಗುಡ್ಡದಿಂದಲೂ ಕಾಣುತ್ತದೆ.

ಮೊದಲು ಮರೆಯನ್ನು ನೋಡುವುದು

ಟ್ಯಾಗೋರ್ ತೀರದಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಲ್ಲಿ. ಎಡಗೈ ಕಡೆಗೆ, ಸಹ್ಯಾದ್ರಿಯ ಒಂದು ಕವಲು ಸಮುದ್ರದೊಳಕ್ಕೆ ಮೂಗು ಚಾಚಿದಂತೆ ಕಾಣುವ ಗುಡ್ಡವೇ ಬೈತಖೋಲದ ಭೂಶಿರ. ಬಂದರಿನ ಧಕ್ಕೆ ಆ ಗುಡ್ಡದ ಉತ್ತರದ ಮಗ್ಗುಲಿಗೆ ಅಂಟಿಕೊಂಡಿದೆ. ಬಲಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸೋಂದೆ ಅರಸರ ಕೋಟೆಯಿದ್ದ ಸದಾಶಿವಗಡ. ಎದುರಿಗೆ ಕಡಲಲ್ಲಿ ಕೂರ್ಮಗಡ ಮತ್ತು ದೀಪಸ್ತಂಭ ಹೊತ್ತ ದೇವಗಡ. ಬ್ರಿಟಿಷರ ನಕ್ಷೆಗಳಲ್ಲಿ ದೇವಗಡ ಮತ್ತು ಅದರ ಅಕ್ಕಪಕ್ಕದ ಬಂಡೆಗಳಿಗೆ ಆಯ್ಸ್ಟರ್ ರಾಕ್ಸ್ ಎಂಬ ಹೆಸರಿದೆ.

ಮುಂಗಾರಿನ ಗಾಳಿ ಮತ್ತು ಅಲೆ ಬರುವುದು ನೈರುತ್ಯದಿಂದ. ಭೂಶಿರ ಇರುವುದೂ ಅದೇ ದಿಕ್ಕಿಗೆ. ಕಾರವಾರ ಬಂದರಿನ ಇಡೀ ಗುಟ್ಟು ಈ ಒಂದು ಹೊಂದಾಣಿಕೆಯಲ್ಲಿದೆ. ಬೈತಖೋಲ ಎಂಬ ಹೆಸರೇ ಸುರಕ್ಷಿತ ಕೊಲ್ಲಿ ಎಂಬರ್ಥದ ಅರಬ್ಬಿ ಮಾತಿನಿಂದ ಬಂದಿದೆ ಎಂದು ಹೇಳುವುದುಂಟು. ವ್ಯುತ್ಪತ್ತಿ ಹೇಗೇ ಇರಲಿ, ತೂಫಾನಿನ ಸೂಚನೆ ಸಿಕ್ಕೊಡನೆ ಗೋವೆ, ಮಲ್ಪೆ, ಕೇರಳ, ತಮಿಳುನಾಡುಗಳ ಮೀನುಗಾರಿಕಾ ಬೋಟುಗಳು ಇಂದಿಗೂ ಇಲ್ಲಿಗೇ ಧಾವಿಸಿ ಬಂದು ಲಂಗರು ಹಾಕುತ್ತವೆ. ನೂರಾರು ಬೋಟುಗಳು ಗುಡ್ಡದ ಮಗ್ಗುಲಲ್ಲಿ ಒತ್ತೊತ್ತಾಗಿ ನಿಂತ ದಿನ ಅಲ್ಲಿದ್ದರೆ ಬಂದರು ಎಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ.

ಮರೆ ಎಷ್ಟು ಎಂಬುದನ್ನು ಅಳೆಯಲು ಹೀಗೆ ಮಾಡಬಹುದು. ಒಂದೇ ದಿನ, ಒಂದೆರಡು ಗಂಟೆಗಳ ಅಂತರದಲ್ಲಿ, ಎರಡು ಕಡೆ ಅಲೆಗಳನ್ನು ನೋಡಬೇಕು: ಒಂದು, ಬೈತಖೋಲಕ್ಕೆ ಹತ್ತಿರದ ತೀರ, ಇನ್ನೊಂದು, ಉತ್ತರದಲ್ಲಿ ಕಡಲಿಗೆ ತೆರೆದುಕೊಂಡ ಮಾಜಾಳಿ. ದಡಕ್ಕೆ ಬಂದು ಒಡೆಯುವ ಹನ್ನೊಂದು ಅಲೆಗಳನ್ನು ಎಣಿಸಿ, ಮೊದಲನೆಯದರಿಂದ ಹನ್ನೊಂದನೆಯದರವರೆಗಿನ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿದರೆ ಅಲೆಯ ಅವಧಿ ಸಿಗುತ್ತದೆ. ಎರಡೂ ಕಡೆ ಅವಧಿ ಹೆಚ್ಚುಕಡಿಮೆ ಒಂದೇ ಇರುತ್ತದೆ, ಏಕೆಂದರೆ ಅಲೆ ಹುಟ್ಟಿದ್ದು ಒಂದೇ ಕಡಲಲ್ಲಿ. ಎತ್ತರ ಮಾತ್ರ ಬೇರೆಯಾಗಿರುತ್ತದೆ. ಭೂಶಿರದ ಮೂಗನ್ನು ಬಳಸಿ ಬರುವಾಗ ಅಲೆಯ ಸಾಲು ಬಾಗಿ, ಬೀಸಣಿಗೆಯಂತೆ ಹರಡಿ, ತನ್ನ ಬಲವನ್ನು ಹಂಚಿಕೊಂಡುಬಿಡುತ್ತದೆ. ಸದಾಶಿವಗಡದ ಮೇಲಿನಿಂದ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಈ ಬಾಗನ್ನು ಬರಿಗಣ್ಣಿಗೇ ನೋಡಬಹುದು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಗಾಳಿ ತಿಳಿಯಾಗಿದ್ದು ನೋಟಕ್ಕೆ ಹಿತ. ಆದರೆ ಬಂದರಿನ ಬೆಲೆ ತಿಳಿಯಬೇಕಾದರೆ ಜುಲೈಯಲ್ಲಿ ಒಮ್ಮೆ ಬರಲೇಬೇಕು. ಆಗ ನೀರಿಗೆ ಇಳಿಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ. ಆದರೂ ಪ್ರತಿ ಮಳೆಗಾಲದಲ್ಲೂ ಹೇಳಬೇಕಾಗಿ ಬರುತ್ತದೆ.

ಉಬ್ಬರ-ಇಳಿತವನ್ನು ಪಂಚಾಂಗದಿಂದಲೂ ತಿಳಿಯಬಹುದು

ಆಳದ ಲೆಕ್ಕಕ್ಕೆ ಹೋಗುವ ಮುನ್ನ ನೀರಿನ ಏರಿಳಿತ ಗೊತ್ತಿರಬೇಕು. ಇಲ್ಲಿಯ ಕೊಂಕಣಿ ಮಾತಿನಲ್ಲಿ ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ ಎನ್ನುತ್ತಾರೆ. ದಿನಕ್ಕೆ ಸಾಮಾನ್ಯವಾಗಿ ಎರಡು ಭರ್ತಿ, ಎರಡು ಸುಕ್ತಿ. ಒಂದು ಭರ್ತಿಯಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದು ಬೆಳಗ್ಗೆ ಹತ್ತಕ್ಕೆ ಭರ್ತಿಯಾಗಿದ್ದರೆ ನಾಳೆ ಹತ್ತೂಮುಕ್ಕಾಲು ದಾಟಿದ ಮೇಲೆ. ನಮ್ಮ ಹಳೆಯ ಕಾಲಮಾನದಲ್ಲಿ ಇದನ್ನು ದಿನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮುಂದಕ್ಕೆ ಹೋಗುತ್ತದೆ ಎಂದು ಇಟ್ಟುಕೊಂಡರೆ ನೆನಪಿಗೆ ಸುಲಭ, ತಪ್ಪೂ ಅತ್ಯಲ್ಪ.

ಪಂಚಾಂಗ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಸುಮಾರಿಗೆ, ಹೆಚ್ಚಾಗಿ ಒಂದೆರಡು ದಿನ ಕಳೆದ ಮೇಲೆ, ಏರಿಳಿತ ಅತಿ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಅತಿ ಕಡಿಮೆ. ಬಂಡೆ, ಮರಳುದಿಬ್ಬಗಳನ್ನು ನೋಡಬೇಕೆಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ದಿನಗಳ ಇಳಿತವನ್ನು ಆರಿಸಿಕೊಳ್ಳಬೇಕು. ದಿನದ ಎರಡು ಭರ್ತಿಗಳೂ ಇಲ್ಲಿ ಸಮವಾಗಿರುವುದಿಲ್ಲ, ಒಂದು ಎತ್ತರ ಒಂದು ತಗ್ಗು, ಆದ್ದರಿಂದ ಪಟ್ಟಿಯನ್ನು ನೋಡಿಯೇ ಹೊರಡುವುದು ಮೇಲು. ಗುಜರಾತಿನ ಭಾವನಗರದಲ್ಲಿ ನೀರು ಹತ್ತು ಮೀಟರಿನಷ್ಟು ಏರಿಳಿಯುವುದುಂಟು; ಕಾರವಾರದಲ್ಲಿ ದೊಡ್ಡ ಏರಿಳಿತವೆಂದರೂ ಎರಡು ಮೀಟರಿನ ಸುಮಾರು. ಇದು ಬಂದರಿಗೆ ಒಂದು ಅನುಕೂಲ, ಒಂದು ಅನನುಕೂಲ: ಧಕ್ಕೆಗೆ ಕಟ್ಟಿದ ಹಡಗಿನ ಹಗ್ಗಗಳನ್ನು ಪದೇಪದೇ ಸಡಿಲಿಸಿ ಬಿಗಿಯುವ ಕೆಲಸ ಕಡಿಮೆ, ಆದರೆ ಆಳ ಸಾಲದಾದಾಗ ಭರ್ತಿಯನ್ನು ನಂಬಿ ದೊಡ್ಡ ಹಡಗನ್ನು ಒಳಗೆ ತರುವ ಅವಕಾಶವೂ ಕಡಿಮೆ.

ಭರ್ತಿ-ಸುಕ್ತಿಗಳ ನಡುವಿನ ಯಾವುದೋ ಹೊತ್ತಿನ ನೀರಿನ ಮಟ್ಟ ಬೇಕಾದಾಗ ನಾವಿಕರು ಹನ್ನೆರಡನೇ ಒಂದರ ಸೂತ್ರವನ್ನು ಬಳಸುತ್ತಾರೆ. ಇಳಿತದಿಂದ ಭರ್ತಿಗೆ ಏರುವ ಆರು ಗಂಟೆಗಳಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ ಮೊದಲ ಗಂಟೆಯಲ್ಲಿ, ಎರಡು ಭಾಗ ಎರಡನೆಯದರಲ್ಲಿ, ಮೂರು-ಮೂರು ಭಾಗ ನಡುವಿನ ಎರಡು ಗಂಟೆಗಳಲ್ಲಿ, ಮತ್ತೆ ಎರಡು, ಕೊನೆಗೆ ಒಂದು. ಇಳಿತ 0.5 ಮೀಟರ್, ಭರ್ತಿ 1.9 ಮೀಟರ್ ಎಂದು ಪಟ್ಟಿ ಹೇಳಿದರೆ ಏರಿಕೆ 1.4 ಮೀಟರ್, ಮೂರು ಗಂಟೆ ಕಳೆದಾಗ ಅದರ ಅರ್ಧ, ಅಂದರೆ 0.7 ಏರಿ, ಮಟ್ಟ 1.2 ಮೀಟರಿಗೆ ಬಂದಿರುತ್ತದೆ. ಸೂತ್ರ ಅಂದಾಜಿನದು, ಆದರೆ ಅಂದಾಜಿಗೆ ಸಾಕಷ್ಟು ಒಳ್ಳೆಯದು.

ಆಳವನ್ನು ಹಡಗಿನ ಮೈಮೇಲೆ ಓದುವುದು

ನೌಕಾನಕ್ಷೆಯ ಮೇಲೆ ಚೆಲ್ಲಿದಂತೆ ಕಾಣುವ ಅಂಕಿಗಳು ಆ ಜಾಗದ ಆಳವನ್ನು ಮೀಟರಿನಲ್ಲಿ ಹೇಳುತ್ತವೆ. ಈ ಆಳವನ್ನು ಅಳೆದಿರುವುದು ನೀರು ಬಹುತೇಕ ಅದಕ್ಕಿಂತ ಕೆಳಗೆ ಇಳಿಯದ ಒಂದು ಮಟ್ಟದಿಂದ. ಆದ್ದರಿಂದ ಯಾವುದೇ ಹೊತ್ತಿನ ನಿಜವಾದ ಆಳವೆಂದರೆ ನಕ್ಷೆಯ ಅಂಕಿಗೆ ಆ ಹೊತ್ತಿನ ಉಬ್ಬರದ ಮಟ್ಟವನ್ನು ಕೂಡಿದ ಮೊತ್ತ. ಅಂಕಿಯ ಅಡಿಗೆ ಗೆರೆ ಎಳೆದಿದ್ದರೆ ಆ ಜಾಗ ಇಳಿತದಲ್ಲಿ ನೀರಿನಿಂದ ಹೊರಗೆ ಬರುತ್ತದೆ ಎಂದರ್ಥ. ಅಂಕಿಗಳ ನಡುವೆ ಅಲ್ಲಲ್ಲಿ ಕಾಣುವ ಇಂಗ್ಲಿಷ್ ಅಕ್ಷರಗಳು ತಳದ ಗುಣವನ್ನು ತಿಳಿಸುತ್ತವೆ: ಎಸ್ ಎಂದರೆ ಮರಳು, ಎಂ ಎಂದರೆ ಕೆಸರು, ಆರ್ ಎಂದರೆ ಬಂಡೆ. ಗಟ್ಟಿ ಕೆಸರಿನಲ್ಲಿ ಲಂಗರು ಚೆನ್ನಾಗಿ ಕಚ್ಚುತ್ತದೆ, ಬಂಡೆಯ ಮೇಲೆ ಜಾರುತ್ತದೆ ಅಥವಾ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಈ ಅಕ್ಷರಗಳಲ್ಲಿದೆ. ದಡದಿಂದ ಅದನ್ನು ಇನ್ನೂ ಹೆಚ್ಚು ಪರೀಕ್ಷಿಸುವ ಮಾರ್ಗವಿಲ್ಲ.

ನಕ್ಷೆ ಇಲ್ಲದಿದ್ದರೆ ಹಡಗನ್ನೇ ನೋಡಬೇಕು. ಸರಕುಹಡಗಿನ ಮುಂಭಾಗ, ನಡುಭಾಗ ಮತ್ತು ಹಿಂಭಾಗದ ಪಕ್ಕೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಅಂಕಿಗಳನ್ನು ಬರೆದಿರುತ್ತಾರೆ. ಒಂದೊಂದು ಅಂಕಿಯ ಎತ್ತರ ಹತ್ತು ಸೆಂಟಿಮೀಟರ್, ಒಂದರಿಂದ ಇನ್ನೊಂದಕ್ಕೆ ನಡುವಿನ ಖಾಲಿ ಜಾಗವೂ ಹತ್ತು ಸೆಂಟಿಮೀಟರ್. ನೀರು ಅಂಕಿಯ ಬುಡವನ್ನು ಮುಟ್ಟುತ್ತಿದ್ದರೆ ಹಡಗು ಅಷ್ಟು ಮೀಟರ್ ನೀರಿನೊಳಗಿದೆ ಎಂದು ಓದಬೇಕು. ಅಂಕಿ ಪೂರ್ತಿ ಮುಳುಗಿದ್ದರೆ ಹತ್ತು ಸೆಂಟಿಮೀಟರ್ ಸೇರಿಸಬೇಕು. ಕಾರವಾರ ಧಕ್ಕೆಗೆ ಬರುವ ಹಡಗುಗಳ ಮುಳುಗು ಎಂಟು ಮೀಟರಿನ ಆಸುಪಾಸಿಗೇ ಸೀಮಿತ. ಈ ಒಂದು ಅಂಕಿಯೇ ಆಳದ ಪ್ರಶ್ನೆಗೆ ಉತ್ತರ: ಮಧ್ಯಮ ಗಾತ್ರದ ಟ್ಯಾಂಕರು, ಸರಕುಹಡಗುಗಳಿಗೆ ಸಾಕು, ಇಂದಿನ ಭಾರೀ ಕಂಟೇನರು ಹಡಗುಗಳಿಗೆ ಸಾಲದು.

ಒಂದು ಉದಾಹರಣೆಯಿಂದ ಲೆಕ್ಕವನ್ನು ಸ್ಪಷ್ಟಪಡಿಸಬಹುದು. ದಾರಿಯಲ್ಲಿ ನಕ್ಷೆಯ ಆಳ 7 ಮೀಟರ್ ಎಂದೂ ಮೇಲಿನ ಲೆಕ್ಕದಂತೆ ಉಬ್ಬರ 1.2 ಮೀಟರ್ ಎಂದೂ ಭಾವಿಸಿದರೆ ನೀರು ಒಟ್ಟು 8.2 ಮೀಟರ್. 7.4 ಮೀಟರ್ ಮುಳುಗಿರುವ ಹಡಗಿನ ಅಡಿಗೆ ಉಳಿಯುವುದು 0.8 ಮೀಟರ್. ಇಷ್ಟು ಸಾಕಲ್ಲವೇ ಎನಿಸಬಹುದು; ಸಾಲುವುದಿಲ್ಲ ಎನ್ನುವ ಸಂದರ್ಭಗಳೂ ಇವೆ. ಕಡಿಮೆ ನೀರಿನಲ್ಲಿ ವೇಗವಾಗಿ ಚಲಿಸುವ ಹಡಗು ನಿಂತಾಗ ಇದ್ದದ್ದಕ್ಕಿಂತ ಕೆಳಗೆ ಕುಸಿಯುತ್ತದೆ. ಅಲೆಗೆ ಹೊರಳಿದಾಗ ಒಂದು ಪಕ್ಕೆ ಇನ್ನೂ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೊಯಿಡಾದ ಕಾಡುಗಳಿಂದ ಇಳಿದು ಬರುವ ಕಾಳಿ ನದಿ ಕೊಲ್ಲಿಗೆ ಕೆಂಪು ಸಿಹಿನೀರನ್ನು ತುಂಬುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಅದೇ ಭಾರ ಹೊತ್ತ ಹಡಗು ಅಲ್ಲಿ ಇನ್ನಷ್ಟು ಮುಳುಗುತ್ತದೆ.

ಹಡಗಿನ ನಡುಪಕ್ಕೆಯ ಮೇಲೆ, ಅಡ್ಡಗೆರೆ ಹಾಯ್ದ ಒಂದು ವೃತ್ತ ಮತ್ತು ಅದರ ಪಕ್ಕದಲ್ಲಿ ಏಣಿಯಂಥ ಗೆರೆಗಳಿರುವುದು ಇದೇ ಕಾರಣಕ್ಕೆ. ಎಸ್ ಎಂಬುದು ಬೇಸಿಗೆಯ ಕಡಲಿನ ಮಿತಿ, ಡಬ್ಲ್ಯೂ ಚಳಿಗಾಲದ್ದು, ಟಿ ನಮ್ಮಂಥ ಉಷ್ಣವಲಯದ್ದು, ಎಫ್ ಸಿಹಿನೀರಿನದು. ಆ ಹೊತ್ತಿಗೆ ಅನ್ವಯಿಸುವ ಗೆರೆ ನೀರಿನಡಿ ಮುಳುಗಿದ್ದರೆ ಹಡಗು ಮಿತಿಮೀರಿ ಭಾರ ಹೊತ್ತಿದೆ ಎಂದರ್ಥ. ವೃತ್ತದ ಎರಡು ಬದಿಯ ಅಕ್ಷರಗಳು ಐ ಮತ್ತು ಆರ್ ಆಗಿದ್ದರೆ ಆ ಹಡಗನ್ನು ಪರೀಕ್ಷಿಸಿ ಮಿತಿ ಗೊತ್ತುಮಾಡಿದ ಸಂಸ್ಥೆ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್.

ಅಳಿವೆಯ ಆಳವನ್ನು ತಿಳಿಯಲು ಬೇರೆಯೇ ಉಪಾಯವಿದೆ. ಅಲೆಯೊಂದು ತನ್ನ ಎತ್ತರದ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. ದಡದಿಂದ ದೂರದಲ್ಲಿ, ಯಾವ ಬಂಡೆಯೂ ಕಾಣದ ಕಡೆ, ಮೀಟರ್ ಎತ್ತರದ ಅಲೆಗಳು ಒಂದೇ ಸಾಲಿನಲ್ಲಿ ಬಿಳಿಯಾಗಿ ಒಡೆಯುತ್ತಿದ್ದರೆ ಅಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ನೀರಿಲ್ಲ. ಕಾಳಿಯ ಮುಖದಲ್ಲಿ ಇಂಥ ಮರಳುದಿಬ್ಬದ ಗೆರೆಗಳು ಕಾಣುತ್ತವೆ; ಬಿಳಿನೊರೆಯ ನಡುವೆ ನೊರೆಯಿಲ್ಲದ ಒಂದು ಓಣಿ ಕಂಡರೆ ಮೀನುಗಾರರ ದೋಣಿಗಳು ಹೋಗಿಬರುವ ದಾರಿ ಅದೇ. ಅದು ಪ್ರತಿವರ್ಷ ಜಾಗ ಬದಲಿಸುತ್ತದೆ.

ಬೋಯಾ, ಬಾವುಟ, ಬೆಳಕು

ಹಡಗಿನ ದಾರಿಯನ್ನು ನೀರಿನ ಮೇಲೆ ತೇಲುವ ಬೋಯಾಗಳು ತೋರಿಸುತ್ತವೆ. ಭಾರತ ಅನುಸರಿಸುವ ಪದ್ಧತಿಯಲ್ಲಿ ಕಡಲಿನಿಂದ ಬಂದರಿಗೆ ಬರುವವನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇರಬೇಕು. ಕೆಂಪಿನ ತಲೆ ಡಬ್ಬಿಯಂತೆ ಚಪ್ಪಟೆ, ಹಸಿರಿನದು ಶಂಕುವಿನಂತೆ ಚೂಪು. ದಡದಲ್ಲಿ ನಿಂತ ನಮಗೆ ಇದು ತಿರುವುಮುರುವಾಗಿ ಕಾಣುತ್ತದೆ ಎಂಬುದನ್ನು ಮರೆಯಬಾರದು. ಅಮೆರಿಕ, ಜಪಾನ್ ಮೊದಲಾದ ಕಡೆ ಬಣ್ಣಗಳು ಅದಲುಬದಲು, ಆದ್ದರಿಂದ ಹಡಗಿನ ಸಿನಿಮಾ ನೋಡಿ ಕಲಿತವರು ಇಲ್ಲಿ ಎಡವುತ್ತಾರೆ. ಕೆಂಪು ಬಿಳಿ ಉದ್ದಪಟ್ಟಿಯ ಬೋಯಾ ಸುತ್ತಲೂ ಸುರಕ್ಷಿತ ನೀರನ್ನು ಸೂಚಿಸುತ್ತದೆ. ಕಪ್ಪು ಮೈಗೆ ಕೆಂಪು ಅಡ್ಡಪಟ್ಟಿ, ತಲೆಯ ಮೇಲೆ ಎರಡು ಕಪ್ಪು ಗೋಳಗಳಿದ್ದರೆ ಅದರ ಬುಡದಲ್ಲೇ ಬಂಡೆಯೋ ಮುಳುಗಿದ ಹಡಗೋ ಇದೆ.

ಹಡಗು ಬಂದು ನಿಂತಾಗ ಮೊದಲು ನೋಡಬೇಕಾದದ್ದು ಮುಂಭಾಗದಲ್ಲಿ ತೂಗುಹಾಕಿದ ಕಪ್ಪು ಚೆಂಡು. ಅದಿದ್ದರೆ ಲಂಗರು ಹಾಕಿದೆ ಎಂದರ್ಥ. ಅನಂತರ ಬಾವುಟಗಳು. ಹಳದಿ ನೀಲಿ ಉದ್ದಪಟ್ಟಿಗಳ ಬಾವುಟ ತನಗೆ ಪೈಲಟ್ ಬೇಕು ಎನ್ನುತ್ತದೆ. ಅರ್ಧ ಬಿಳಿ ಅರ್ಧ ಕೆಂಪಿನದು ಪೈಲಟ್ ಹತ್ತಿದ್ದಾರೆ ಎನ್ನುತ್ತದೆ. ಬಂದರಿನ ಒಳದಾರಿಯನ್ನು ಬಲ್ಲ ಈ ಪೈಲಟ್ ಸಣ್ಣ ಲಾಂಚಿನಲ್ಲಿ ಹೋಗಿ ಹಗ್ಗದ ಏಣಿಯಿಂದ ಹಡಗು ಹತ್ತುವುದು, ಗಾಳಿಯಿರುವ ದಿನವಂತೂ, ದುರ್ಬೀನಿನಲ್ಲಿ ನೋಡಲೇಬೇಕಾದ ದೃಶ್ಯ. ಇಡೀ ಹಳದಿ ಬಾವುಟ ಹಡಗಿನಲ್ಲಿ ರೋಗವಿಲ್ಲ, ಪ್ರವೇಶ ಕೊಡಿ ಎಂಬ ಮನವಿ. ಇಡೀ ಕೆಂಪು ಬಾವುಟವೆಂದರೆ ಅಪಾಯಕಾರಿ ಸರಕು ಇದೆ ಅಥವಾ ಅದನ್ನು ಏರಿಳಿಸುತ್ತಿದ್ದಾರೆ ಎಂದು; ಕಾರವಾರಕ್ಕೆ ಪೆಟ್ರೋಲಿಯಂ ಟ್ಯಾಂಕರುಗಳು ಬರುವುದರಿಂದ ಇದನ್ನು ನೋಡುವ ಸಂಭವ ಹೆಚ್ಚು. ನೀಲಿಯ ನಡುವೆ ಬಿಳಿ ಚೌಕವಿದ್ದರೆ ಹಡಗು ಹೊರಡುವ ಸಿದ್ಧತೆಯಲ್ಲಿದೆ.

ಹಡಗಿನ ಹಿಂಭಾಗದಲ್ಲಿ ಹೆಸರು, ನೋಂದಣಿಯಾದ ಊರು, ಐಎಂಒ (ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ) ಎಂಬ ಅಕ್ಷರಗಳ ಮುಂದೆ ಏಳು ಅಂಕಿಯ ಸಂಖ್ಯೆ ಇರುತ್ತವೆ. ಹೆಸರು, ಬಾವುಟ, ಮಾಲೀಕರು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಓದಿದ್ದು ಸರಿಯೇ ಎಂದು ಪರೀಕ್ಷಿಸುವ ಉಪಾಯ ಸಂಖ್ಯೆಯೊಳಗೇ ಇದೆ: ಮೊದಲ ಆರು ಅಂಕಿಗಳನ್ನು ಕ್ರಮವಾಗಿ ಏಳು, ಆರು, ಐದು, ನಾಲ್ಕು, ಮೂರು, ಎರಡರಿಂದ ಗುಣಿಸಿ ಕೂಡಿದರೆ ಬರುವ ಮೊತ್ತದ ಕೊನೆಯ ಅಂಕಿ ಏಳನೆಯ ಅಂಕಿಗೆ ಸಮವಾಗಿರಬೇಕು. 9074729 ಎಂಬುದನ್ನು ಹೀಗೆ ಗುಣಿಸಿದರೆ 139 ಬರುತ್ತದೆ. ಕೊನೆಯ ಅಂಕಿ 9, ಸರಿಯಾಯಿತು. ದೂರದಿಂದ ಮೂರೋ ಎಂಟೋ ಎಂದು ಅನುಮಾನ ಬಂದಾಗ ಈ ಲೆಕ್ಕ ಎಷ್ಟೋ ಸಲ ನನ್ನನ್ನು ಉಳಿಸಿದೆ. ದೂರಕ್ಕೆ ಸಂಬಂಧಿಸಿ ಇನ್ನೊಂದು ಮಾತು: ಕಣ್ಣಿನ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಮರಳಿನ ಮೇಲೆ ನಿಂತವರಿಗೆ ದಿಗಂತ ಐದು ಕಿಲೋಮೀಟರಿಗೂ ಇಲ್ಲ. ಐವತ್ತು ಮೀಟರ್ ಎತ್ತರ ಏರಿದರೆ ಇಪ್ಪತ್ತೈದು ಕಿಲೋಮೀಟರ್. ಸದಾಶಿವಗಡ ಹತ್ತಿ ಎಂದು ಹೇಳುವುದು ಇದಕ್ಕೇ.

ಕತ್ತಲಾದ ಮೇಲೆ ಹಡಗಿನ ಎಡಪಕ್ಕೆ ಕೆಂಪು ದೀಪ, ಬಲಪಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಕಡೆಗೇ ಬರುತ್ತಿದೆ. ದೇವಗಡದ ದೀಪದ ಗುರುತು ಅದರ ಮಿಂಚಿನ ಲಯ. ಒಂದು ಮಿಂಚಿನ ಗುಂಪಿನ ಆರಂಭದಿಂದ ಮುಂದಿನ ಗುಂಪಿನ ಆರಂಭದವರೆಗೆ ಸೆಕೆಂಡುಗಳನ್ನು ಎಣಿಸಿ ಬರೆದುಕೊಂಡರೆ, ಇಡೀ ಕರಾವಳಿಯಲ್ಲಿ ಆ ದೀಪವನ್ನು ಇನ್ನೊಂದೆಂದು ತಪ್ಪು ತಿಳಿಯುವುದು ಸಾಧ್ಯವಿಲ್ಲ. ಬಂದರಿನಲ್ಲಿ ತೂಫಾನಿನ ಎಚ್ಚರಿಕೆಯನ್ನು ಒಂದರಿಂದ ಹನ್ನೊಂದರವರೆಗಿನ ಸಂಖ್ಯೆಗಳಲ್ಲಿ ಕೊಡುತ್ತಾರೆ. ಒಂದು, ಎರಡು ದೂರದ ಕಡಲಿಗೆ ಸಂಬಂಧಿಸಿದವು. ಮೂರು ಬಂದರಿಗೇ ಬಿರುಗಾಳಿಯ ಭಯವಿದೆ ಎನ್ನುತ್ತದೆ. ಎಂಟರಿಂದ ಹತ್ತು ಮಹಾಅಪಾಯ. ಹನ್ನೊಂದು ಎಲ್ಲಕ್ಕಿಂತ ಭೀಕರ ಎಂದು ಕೆಲವರು ತಿಳಿದಿದ್ದಾರೆ, ಅದರ ಅರ್ಥ ಹವಾಮಾನ ಕಚೇರಿಯೊಂದಿಗೆ ಸಂಪರ್ಕ ಕಡಿದುಹೋಗಿದೆ ಎಂಬುದಾಗಿದೆ.

ದಡ ಎಷ್ಟು ಸರಿದಿದೆ

ಬಂದರು ಬೆಳೆದಂತೆ ದಡ ಬದಲಾಗುತ್ತದೆ. ಅಲೆ ಓರೆಯಾಗಿ ಬಡಿದು ಮರಳನ್ನು ದಡದುದ್ದಕ್ಕೆ ಸಾಗಿಸುತ್ತಿರುತ್ತದೆ. ಆ ದಾರಿಗೆ ಕಲ್ಲಿನ ಗೋಡೆ ಅಡ್ಡ ಬಂದರೆ ಒಂದು ಬದಿಯಲ್ಲಿ ಮರಳು ಸೇರಿ ಇನ್ನೊಂದು ಬದಿಯಲ್ಲಿ ಕೊರೆತ ಆರಂಭವಾಗುತ್ತದೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗಾಗಿ ಅಲೆತಡೆಗೋಡೆ ಕಟ್ಟಲು ಹೊರಟಾಗ ಕಾರವಾರದ ಮೀನುಗಾರರು ಬೀದಿಗಿಳಿದದ್ದು, ತಮಗೆ ದೋಣಿ ಎಳೆಯಲು ಉಳಿದಿರುವ ತೀರವೂ ಹೋದೀತು ಎಂಬ ಭಯದಿಂದ. ಯಾರ ಪಕ್ಷ ಸರಿ ಎಂದು ತೀರ್ಮಾನಿಸುವ ಮುನ್ನ ದಡವನ್ನು ಅಳೆಯುವುದು ಒಳ್ಳೆಯದು, ಅಳೆಯುವುದು ಕಷ್ಟವೂ ಅಲ್ಲ.

ಎರಡು ಕೋಲುಗಳಿಗೂ ತುದಿಯಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು ಹಾಕಿ, ನಡುವೆ ಎರಡು ಮೀಟರಿನ ದಾರ ಕಟ್ಟಿ. ಯಾವಾಗಲೂ ಇರುವ ಒಂದು ಗುರುತಿನಿಂದ, ಅಂದರೆ ರಸ್ತೆಯ ಕಲ್ಲೋ ಕಟ್ಟೆಯ ಮೂಲೆಯೋ, ಆರಂಭಿಸಬೇಕು. ಗಾಳಿಮರ ಬೇಡ, ಅದನ್ನೇ ಕಡಲು ಕೊಂಡೊಯ್ಯಬಹುದು. ದಡದ ಕಡೆಯ ಕೋಲನ್ನು ಒಬ್ಬರು, ಕಡಲ ಕಡೆಯದನ್ನು ಇನ್ನೊಬ್ಬರು ನೇರವಾಗಿ ಹಿಡಿಯಬೇಕು. ಹಿಂದಿನವರು ಮುಂದಿನ ಕೋಲಿನ ತುದಿ ದಿಗಂತದ ಗೆರೆಗೆ ಕೂಡುವಂತೆ ಕಣ್ಣಿಟ್ಟು, ಆ ನೋಟದ ಗೆರೆ ತಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ದಾಟುತ್ತದೆ ಎಂದು ಓದಿದರೆ, ಆ ಎರಡು ಮೀಟರಿನಲ್ಲಿ ಮರಳು ಅಷ್ಟು ಇಳಿದಿದೆ ಎಂದು ತಿಳಿಯುತ್ತದೆ. ನೀರಿನ ಅಂಚಿನವರೆಗೆ ಹೀಗೆಯೇ ಸಾಗಿ ಎಲ್ಲವನ್ನೂ ಕೂಡಿದರೆ ದಡದ ಇಳಿಜಾರಿನ ಚಿತ್ರ ಸಿದ್ಧ. ಮೇ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ ಅಳೆಯಬೇಕು. ಮುಂಗಾರು ಮರಳನ್ನು ಕಿತ್ತೊಯ್ಯುವುದೂ ತಿಳಿಗಾಲ ಅದನ್ನು ಹಿಂದಕ್ಕೆ ತರುವುದೂ ಸಹಜ ಚಕ್ರ; ಒಂದು ಮಳೆಗಾಲದ ಕೊರೆತವನ್ನು ಕಂಡು ಗಾಬರಿಯಾಗದೆ, ಮೇ ತಿಂಗಳ ಅಳತೆಯನ್ನು ಮುಂದಿನ ವರ್ಷದ ಮೇ ತಿಂಗಳೊಂದಿಗೆ ಹೋಲಿಸಬೇಕು.

ಉತ್ತರದ ತಿಳಮಾತಿಗೆ ಹೋದರೆ ಎಳ್ಳಿನಂಥ ಕಪ್ಪು ಮರಳು ಸಿಗುತ್ತದೆ. ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಿಸಿಟ್ಟುಕೊಂಡು ಕಾರವಾರದ ಮರಳಿನ ಪಕ್ಕದಲ್ಲಿ ನೋಡಿದರೆ, ಕೆಲವೇ ಕಿಲೋಮೀಟರುಗಳಲ್ಲಿ ದಡ ಎಷ್ಟು ಬದಲಾಗುತ್ತದೆ ಎಂಬುದು ತಿಳಿಯುತ್ತದೆ.

ದ್ವೀಪಗಳಿಗೆ ಹೋಗುವುದಾದರೆ

ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ಜನವರಿಯ ಸುಮಾರಿಗೆ ನಡೆಯುತ್ತದೆ, ದೋಣಿಗಳಲ್ಲಿ ಜನ ಹೋಗುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಜೀವರಕ್ಷಕ ಅಂಗಿ ಕೊಡದ ದೋಣಿಯನ್ನು ಹತ್ತಬಾರದು, ಕೊಟ್ಟದ್ದನ್ನು ಕೂರುವ ಮೆತ್ತೆ ಮಾಡಿಕೊಳ್ಳಬಾರದು. ಜನವರಿಯ ಕಡಲು ಶಾಂತ ಎಂಬ ಭರವಸೆಯೂ ಬೇಡ. ಮಧ್ಯಾಹ್ನದ ಮೇಲೆ ಏಳುವ ಕಡಲಗಾಳಿ ಇಳಿತದ ಸೆಳೆತಕ್ಕೆ ಎದುರಾದಾಗ ಅಳಿವೆಯ ಬಳಿ ಅಲೆಗಳು ಗಿಡ್ಡಗೆ, ಕಡಿದಾಗಿ ಏಳುತ್ತವೆ.

ದಕ್ಷಿಣದ ಅಂಜುದೀವ್ ನೌಕಾನೆಲೆಯ ಭಾಗವಾಗಿರುವುದರಿಂದ ಅಲ್ಲಿಗೆ ಹೋಗುವಂತಿಲ್ಲ. ಆದರೆ ಮರೆಯೊಂದೇ ಸಾಲದು ಎಂಬುದಕ್ಕೆ ಅದರ ಚರಿತ್ರೆಯೇ ಸಾಕ್ಷಿ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಹಡಗು ನಿಲ್ಲಿಸಿದ್ದ. ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದರು. 1660ರ ದಶಕದಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ದಂಡು, ಪೋರ್ಚುಗೀಸರು ಅದನ್ನು ಬಿಟ್ಟುಕೊಡದ ಕಾರಣ ಈ ದ್ವೀಪದಲ್ಲಿ ಕಾಯುತ್ತ ಕುಳಿತು, ದಂಡನಾಯಕ ಅಬ್ರಹಾಂ ಶಿಪ್ಮನ್ ಸಹಿತ ಬಹುಪಾಲು ಜನ ಸತ್ತುಹೋದರು. ಕಡಲಿನ ಅಲೆಯಿಂದ ದ್ವೀಪ ಅವರನ್ನು ಕಾಪಾಡಿತು, ಕಾಯಿಲೆಯಿಂದ ಕಾಪಾಡಲಿಲ್ಲ.

ಕೊನೆಯ ಪ್ರಶ್ನೆಗೆ ಬೆನ್ನು ತಿರುಗಿಸಿ ನಿಲ್ಲಬೇಕು

ಒಳನಾಡಿನ ದಾರಿಯನ್ನು ತಿಳಿಯಲು ಕಡಲಿಗೆ ಬೆನ್ನುಹಾಕಿ ಪೂರ್ವಕ್ಕೆ ನೋಡಬೇಕು. ಮರೆ ಕೊಟ್ಟ ಅದೇ ಸಹ್ಯಾದ್ರಿ ಇಲ್ಲಿ ದಾರಿಗೆ ಅಡ್ಡ ನಿಂತಿದೆ. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲೇ ಇಲ್ಲಿ ಕೋಠಿ ತೆರೆದದ್ದು ಮೆಣಸಿಗಾಗಿ. ಮೆಣಸು ತಲೆಹೊರೆಯಲ್ಲೂ ಎತ್ತಿನ ಮೇಲೂ ಘಟ್ಟ ಇಳಿಯಬಲ್ಲ ಸರಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದಾಗ ಕಾರವಾರವನ್ನು ಹತ್ತಿಯ ಬಂದರಾಗಿಸುವ ಆಲೋಚನೆ ಬಲವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಆದರೆ 1880ರ ದಶಕದಲ್ಲಿ ಘಟ್ಟ ಇಳಿದ ರೈಲು ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾಕ್ಕೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. 1990ರ ದಶಕದಲ್ಲಿ ಕೊಂಕಣ ರೈಲು ಬಂತಾದರೂ ಅದು ದಡದುದ್ದಕ್ಕೆ ಸಾಗುತ್ತದೆ, ಘಟ್ಟ ಏರುವುದಿಲ್ಲ; ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ. ಬಳ್ಳಾರಿಯ ಅದಿರು ಲಾರಿಗಳಲ್ಲಿ ಅರಬೈಲ್ ಘಟ್ಟ ಇಳಿದು ಕಾರವಾರ, ಬೇಲೇಕೇರಿಗಳನ್ನು ಕೆಲವು ವರ್ಷ ತುಂಬಿತು; 2010ರಲ್ಲಿ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಂತಿತು. ಪ್ರಕೃತಿ ಏನನ್ನೂ ಕೊಡದ ಪಣಂಬೂರಿನಲ್ಲಿ ನೆಲ ಅಗೆದು ಮಾಡಿದ ನವಮಂಗಳೂರು ಬಂದರು 1975ರಿಂದ ರೈಲಿನ ಜೊತೆ ಬೆಳೆಯುತ್ತ ಹೋದದ್ದನ್ನು ಪಕ್ಕಕ್ಕಿಟ್ಟು ನೋಡಿದರೆ, ಬಂದರನ್ನು ನೀರಿನ ಕಡೆಯಿಂದ ಮಾತ್ರ ಅಳೆಯುವುದು ಎಷ್ಟು ತಪ್ಪು ಎಂದು ತಿಳಿಯುತ್ತದೆ. ರಸ್ತೆಯೂ ಶಾಶ್ವತವಲ್ಲ: 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಒಂದು ಲಾರಿ ನೀರಿಗೆ ಬಿದ್ದು, ಗೋವೆಯ ಕಡೆಗಿನ ಎಲ್ಲ ವಾಹನಗಳೂ ಹೊಸ ಸೇತುವೆಯೊಂದನ್ನೇ ನೆಚ್ಚಿಕೊಳ್ಳಬೇಕಾಯಿತು.

ಈ ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನೂ ಎಣಿಸಿಯೇ ಪಡೆಯಬಹುದು. ಬಂದರಿನ ರಸ್ತೆ ಹೆದ್ದಾರಿಯನ್ನು ಕೂಡುವ ಕಡೆ ಒಂದು ಚಹದಂಗಡಿಯಲ್ಲಿ ಎರಡು ಗಂಟೆ ಕುಳಿತು, ಹೊರಬರುವ ಡಾಂಬರು ಮತ್ತು ಎಣ್ಣೆಯ ಟ್ಯಾಂಕರ್ ಲಾರಿಗಳ ನೋಂದಣಿ ಫಲಕದ ಮೊದಲ ಅಕ್ಷರಗಳನ್ನಷ್ಟೇ ಬರೆದುಕೊಳ್ಳಿ: ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 25 ಧಾರವಾಡ, ಕೆಎ 22 ಬೆಳಗಾವಿ, ಕೆಎ 34 ಬಳ್ಳಾರಿ, ಜಿಎ ಗೋವೆ, ಎಂಎಚ್ ಮಹಾರಾಷ್ಟ್ರ. ಲಾರಿ ನೋಂದಣಿಯಾದ ಊರೇ ಸರಕು ಹೋಗುವ ಊರಾಗಿರಬೇಕೆಂದಿಲ್ಲ, ಆದ್ದರಿಂದ ಚಹಕ್ಕೆ ನಿಲ್ಲಿಸಿದ ಚಾಲಕರನ್ನು ಎಲ್ಲಿಗೆ ಹೊರಟಿರಿ ಅಣ್ಣಾ ಎಂದು ಕೇಳಿ, ಊರ ಹೆಸರನ್ನು ಅದೇ ಸಾಲಿನಲ್ಲಿ ಬರೆದಿಡಿ.